ಶನಿವಾರದ ಎರಡು ತಾಸು

ಮೊದಲೇ ಹೇಳಿಬಿಡುತ್ತೇನೆ, ಇದು ಇಲಾಖೆಯ ತರಬೇತಿ ಅಲ್ಲ. ಓಓಡಿ (ಬೇರೆ ಕೆಲಸಕ್ಕೆ ಹೋದರೂ ಸಿಗುವ ಹಾಜರಿ) ಇಲ್ಲ, ಟಿಎ (ಪ್ರಯಾಣ ಭತ್ಯೆ) ಇಲ್ಲ, ಪ್ರಮಾಣಪತ್ರವೂ ಇಲ್ಲ. ಗಂಗಾವತಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಹೇಳುತ್ತೇನೆ. ಪಾಠಕ್ಕೆ ಬೇಕಾದ್ದನ್ನು ಇಂಟರ್ನೆಟ್‌ನಲ್ಲಿ ಹುಡುಕೋದು, ಕೂಡಿಡೋದು ನನಗೆ ಮೊದಲಿನಿಂದ ಒಂದು ಹುಚ್ಚು. ಜೂನ್‌ನಲ್ಲಿ ಸಮಾಲೋಚನಾ ಸಭೆಯ ಚಹಾ ಹೊತ್ತಿಗೆ ಅಕ್ಕಪಕ್ಕದ ಶಾಲೆಯ ಕೆಲವರು "ನಮಗೂ ಒಂದೀಟು ತೋರಸ್ರಿ ಸರ" ಅಂದರು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎರಡು ತಾಸು ಕೂರೋಣ ಅಂತ ಮಾತಾಯಿತು. ಹನ್ನೊಂದು ಜನ ಶುರು ಮಾಡಿದೆವು. ಈಗ ನವೆಂಬರ್. ಏಳು ಜನ ಉಳಿದಿದ್ದೇವೆ. ಅವತ್ತವತ್ತು ಡೈರಿಯಲ್ಲಿ ಗೀಚಿಟ್ಟದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಹಾಕುತ್ತಿದ್ದೇನೆ.

ಜೂನ್, ಮೊದಲನೇ ಸಲ

ಪೂರ್ತಿ ಹಾಳು. 22 ವೆಬ್‌ಸೈಟ್‌ಗಳ ಪಟ್ಟಿ ಟೈಪ್ ಮಾಡಿ, ಜೆರಾಕ್ಸ್ ಮಾಡಿಸಿ ಎಲ್ಲರ ಕೈಗೂ ಒಂದೊಂದು ಕೊಟ್ಟೆ. ಸರ್ಕಾರಿ ಪಾಠಗಳ ದೀಕ್ಷಾ, ಪರದೆ ಮೇಲೆ ವಿಜ್ಞಾನದ ಪ್ರಯೋಗ ಮಾಡುವ ಫೆಟ್, ಗಣಿತದ ಚಿತ್ರ ಬಿಡಿಸುವ ಜಿಯೋಜೀಬ್ರಾ, ಉಚಿತ ಚಿತ್ರಗಳ ವಿಕಿಮೀಡಿಯ ಕಾಮನ್ಸ್, ಆಕಾಶ ತೋರಿಸುವ ಸ್ಟೆಲೇರಿಯಂ, ಇನ್ನೂ ಏನೇನೋ. ಒಂದೊಂದಾಗಿ ತೆರೆದು ತೋರಿಸುತ್ತಾ ಹೋದೆ. ನನ್ನ ಫೋನಿನ ಹಾಟ್‌ಸ್ಪಾಟ್‌ಗೆ ಅಷ್ಟೂ ಫೋನ್ ಜೋತುಬಿದ್ದವು. ಆರನೇ ಸೈಟಿಗೆ ಬರುವಷ್ಟರಲ್ಲಿ ಪರದೆ ಮೇಲೆ ಚಕ್ರ ತಿರುಗುತ್ತಲೇ ಉಳಿಯಿತು. ಆಮೇಲೆ ಕರೆಂಟೂ ಹೋಯಿತು.

ಒಗ್ಗರಣಿ, ಮಿರ್ಚಿ ತರಿಸಿದೆವು. ನಮ್ಮ ಕಡೆ ನಾಲ್ಕು ಜನ ಕೂಡಿದರೆ ಅದಿಲ್ಲದೆ ಏಳೋದಿಲ್ಲ ಬಿಡಿ. ತಿನ್ನುವಾಗ ವಿಜ್ಞಾನದ ಹಿರಿಯ ಸರ್ ಒಬ್ಬರು, ಮುಂದಿನ ವರ್ಷ ನಿವೃತ್ತಿ ಆಗುವವರು, ಪಟ್ಟಿಯನ್ನು ಕಣ್ಣಿಂದ ದೂರ ಹಿಡಿದು ಕೇಳಿದರು: "ಎಲ್ಲಾ ಬರೋಬ್ಬರಿ ಐತ್ರಿ. ಇದರಾಗ ಸೋಮವಾರ ನನಗ ಬೇಕಾಗೂದು ಯಾವುದು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊರಡುವಾಗ ನೋಡಿದರೆ ಪಟ್ಟಿಯ ಮೂರು ಹಾಳೆ ಮಿರ್ಚಿ ಎಣ್ಣೆ ಕುಡಿದು ಬೆಂಚಿನ ಮೇಲೆ ಬಿದ್ದಿದ್ದವು. ಆಗ ಸಿಟ್ಟು ಬಂತು. ರಾತ್ರಿ ಯೋಚಿಸಿದಾಗ, ಅದಕ್ಕಿಂತ ಒಳ್ಳೆಯ ಉಪಯೋಗ ಆ ಹಾಳೆಗೆ ಇರಲಿಲ್ಲ ಅನ್ನಿಸಿತು.

ಜೂನ್, ಎರಡನೇ ಸಲ

ಪಟ್ಟಿ ಬಿಟ್ಟೆ. ಬರುವ ವಾರದ ಪಾಠ ತನ್ನಿ ಅಂದೆ. ಅದರಲ್ಲಿ ಮಕ್ಕಳು ಪಿಳಿಪಿಳಿ ಕಣ್ಣು ಬಿಡುವ ಒಂದೇ ಒಂದು ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಅಂದೆ. ಆ ಜಾಗಕ್ಕೆ ಮಾತ್ರ ಹುಡುಕೋಣ.

ತಮಾಷೆ ಏನಂದ್ರೆ, ಅರ್ಧದಷ್ಟು ಗುರುತಿಗೆ ಇಂಟರ್ನೆಟ್ಟೇ ಬೇಕಿರಲಿಲ್ಲ. ಪೈ ಅರ್ಥ ಆಗಲ್ಲ ಅಂದ ಮೇಡಂಗೆ ಒಂದು ತಟ್ಟೆ, ಒಂದು ಲೋಟ, ಒಂದು ದಾರ ಸಾಕಾಯಿತು. ಸುತ್ತಳತೆಯ ದಾರವನ್ನು ಅಡ್ಡಳತೆಯ ಮೇಲೆ ಇಟ್ಟು ನೋಡಿದರೆ ಮೂರು ಸಲ ಹಿಡಿದು ಸ್ವಲ್ಪ ಉಳಿಯುತ್ತದೆ. ತಟ್ಟೆಗೂ ಅಷ್ಟೇ, ಲೋಟಕ್ಕೂ ಅಷ್ಟೇ. ಇದಕ್ಕೆ ವಿಡಿಯೋ ಯಾಕೆ?

ಜುಲೈ

ಎರಡು ಶನಿವಾರ ಬರೀ ಟೈಪಿಂಗ್‌ಗೆ ಹೋಯಿತು. ಇದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಪ್ರಶ್ನೆಪತ್ರಿಕೆ ಟೈಪ್ ಮಾಡುವುದರಲ್ಲಿ ನಮ್ಮವರ ಕೈ ಪಳಗಿದೆ, ಆದರೆ ಅದೆಲ್ಲ ಯೂನಿಕೋಡ್ (ಎಲ್ಲ ಕಂಪ್ಯೂಟರ್, ಫೋನಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟ್. ಅದರಲ್ಲಿ ಬರೆದದ್ದನ್ನು ನಕಲು ಮಾಡಿ ಹುಡುಕುವ ಡಬ್ಬಿಗೆ ಹಾಕಿದರೆ ಇಂಗ್ಲಿಷ್ ಅಕ್ಷರದ ಕಸ ಬೀಳುತ್ತದೆ. "ಕನ್ನಡದಾಗ ಏನೂ ಸಿಗೂದಿಲ್ರಿ" ಅಂತ ಇಷ್ಟು ವರ್ಷ ನಂಬಿದ್ದಕ್ಕೆ ಇದೂ ಒಂದು ಕಾರಣ. ಫೋನಿನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಟ್ಟೆ. ಮೈಕ್ ಗುರುತು ಒತ್ತಿ ಮಾತಾಡಿದರೂ ಅಕ್ಷರ ಬರುತ್ತದೆ ಅಂತ ತೋರಿಸಿದೆ. ಒಬ್ಬ ಮೇಡಂ "ದ್ಯುತಿಸಂಶ್ಲೇಷಣೆ" ಅಂದರು. ಒಂದು ಒತ್ತಕ್ಷರವೂ ತಪ್ಪದೆ ಬಂತು. "ನಮ್ಮ ಹುಡುಗ್ರಿಗಿಂತ ಇದಾ ಚೊಲೊ ಬರೀತೈತಲ್ರೀ!"

ಕನ್ನಡ ವಿಕಿಪೀಡಿಯ 2003ರಿಂದ ಇದೆ ಅಂದಾಗ ಇಬ್ಬರಿಗೆ ಆಶ್ಚರ್ಯ. ಎಲ್ಲ ಲೇಖನವೂ ಚೆನ್ನಾಗಿಲ್ಲ, ಕೆಲವು ಎರಡೇ ಸಾಲು. ಅದನ್ನೂ ಹೇಳಿದೆ.

ಜುಲೈ ಕೊನೆ: ಎರಡು ಬಲ್ಬ್‌ಗಳ ಕತೆ

ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ. ಹಿರಿಯ ಸರ್ ಗುರುತು ಹಾಕಿ ತಂದ ಜಾಗ ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠದ ಸರಣಿ ಜೋಡಣೆ. ಎರಡು ಬಲ್ಬ್ ಸರಣಿಯಲ್ಲಿದ್ದರೆ ಬ್ಯಾಟರಿ ಪಕ್ಕದ್ದು ಜಾಸ್ತಿ ಉರಿಯುತ್ತದೆ ಅಂತ ಮಕ್ಕಳ ಗಟ್ಟಿ ನಂಬಿಕೆ. ಕರೆಂಟನ್ನು ಮೊದಲನೇ ಬಲ್ಬ್ ಕುಡಿದುಬಿಡುತ್ತದೆ, ಉಳಿದದ್ದು ಎರಡನೆಯದಕ್ಕೆ. ಕಾಲುವೆ ನೀರಿನ ಲೆಕ್ಕ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಂಬಿದ ಊರಿನ ಮಕ್ಕಳಿಗೆ ಹಾಗನ್ನಿಸದೆ ಇನ್ನೇನು? ಮೇಲಿನವರು ಎತ್ತಿಕೊಂಡು ಮಿಕ್ಕಿದ್ದೇ ಇವರ ಗದ್ದೆಗೆ.

ಇದಕ್ಕೆ ಫೆಟ್‌ನ ಸಿಮ್ಯುಲೇಶನ್, ಅಂದರೆ ಪರದೆ ಮೇಲೆ ಮಾಡಿ ನೋಡುವ ಪ್ರಯೋಗ, ತೆರೆದೆವು. ಫೆಟ್ ಅಮೆರಿಕದ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದ್ದು. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಎಲ್ಲವೂ ಉಚಿತ, ಕೆಲವು ಕನ್ನಡದಲ್ಲೂ ಇವೆ. ನಮಗೆ ಮುಖ್ಯವಾದದ್ದು ಬೇರೆ: ಒಂದೊಂದು ಸಿಮ್ಯುಲೇಶನ್ ಕೂಡ ಒಂದೇ ಫೈಲ್. ಮನೆಯಲ್ಲಿ ಇಳಿಸಿಕೊಂಡು ಪೆನ್ ಡ್ರೈವ್‌ನಲ್ಲಿ ಒಯ್ದರೆ ನೆಟ್ ಇಲ್ಲದ ಲ್ಯಾಪ್‌ಟಾಪ್‌ನಲ್ಲೂ ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ.

ಹಿರಿಯ ಸರ್ ಮೌಸ್ ಹಿಡಿದು ಒಂದು ವೈರ್ ಎಳೆದು ಬ್ಯಾಟರಿಯ ಎರಡೂ ತುದಿಗೆ ಸೇರಿಸಿಬಿಟ್ಟರು. ಪರದೆ ಮೇಲೆ ಬ್ಯಾಟರಿಗೆ ಧಗ್ ಅಂತ ಬೆಂಕಿ. ಅವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟರು. ಆಮೇಲೆ ಐದು ನಿಮಿಷ ಬೇಕಂತಲೇ ಅದನ್ನೇ ಮಾಡುತ್ತಾ ಕೂತರು.

ನಾನು ಹೇಳಿದ್ದು ಇಷ್ಟೇ: ಮೊದಲು ನಿಜವಾದ ಬಲ್ಬ್, ಆಮೇಲೆ ಪರದೆ. ಅವರು ಪೇಟೆಯಿಂದ ಎರಡು ಟಾರ್ಚ್ ಬಲ್ಬ್ ತಂದು ಸೋಮವಾರ ತರಗತಿಯಲ್ಲಿ ಜೋಡಿಸಿದರು. ಸ್ವಿಚ್ ಹಾಕುವ ಮುಂಚೆ ಮಕ್ಕಳ ಕೈ ಎತ್ತಿಸಿದರು. ಅರ್ಧಕ್ಕಿಂತ ಜಾಸ್ತಿ ಕೈ "ಮೊದಲನೇ ಬಲ್ಬ್ ಜೋರು" ಅನ್ನುವ ಕಡೆ. ಸ್ವಿಚ್ ಹಾಕಿದರು. ಮೊದಲನೇ ಬಲ್ಬೇ ಜೋರಾಗಿ ಉರಿಯಿತು! ಮಕ್ಕಳು ಕೇಕೆ ಹಾಕಿದರಂತೆ. ಸರ್‌ಗೆ ಬೆವರು. ಸಂಜೆ ಫೋನ್ ಮಾಡಿ "ನಿಮ್ಮ ಮಾತು ಕೇಳಿ ಮರ್ಯಾದಿ ಹೋತ್ರಿ" ಅಂದರು.

ಬಲ್ಬ್‌ಗಳ ಬುಡ ನೋಡಿ ಅಂದೆ. ಎರಡೂ ಬೇರೆ ಬೇರೆ ವೋಲ್ಟ್‌ನವು. ರೋಧ ಜಾಸ್ತಿ ಇರುವ ಬಲ್ಬ್ ಸರಣಿಯಲ್ಲಿ ಜೋರಾಗಿ ಉರಿಯುತ್ತದೆ, ಎಲ್ಲಿ ಕೂತಿದೆ ಅನ್ನೋದು ಲೆಕ್ಕಕ್ಕಿಲ್ಲ. ಮಂಗಳವಾರ ಅವರು ಬಲ್ಬ್‌ಗಳ ಜಾಗ ಅದಲು ಬದಲು ಮಾಡಿದರು. ಅದೇ ಬಲ್ಬ್, ಈಗ ದೂರದಲ್ಲಿದ್ದರೂ, ಜೋರಾಗಿ ಉರಿಯಿತು. ಮಕ್ಕಳು ಸುಮ್ಮನಾದರು. ಆಮೇಲೆ ಪರದೆ ಮೇಲೆ ಎರಡು ಒಂದೇ ಥರದ ಬಲ್ಬ್ ಹಾಕಿ ತೋರಿಸಿದರು. ಎರಡೂ ಸಮ. ನೀಲಿ ಎಲೆಕ್ಟ್ರಾನ್ ಗುಂಡುಗಳು ಇಡೀ ಸುತ್ತಿನಲ್ಲಿ ಒಟ್ಟಿಗೇ ಹೊರಟವು, ಎಲ್ಲೂ ಕಮ್ಮಿ ಆಗಲಿಲ್ಲ. ಒಬ್ಬ ಹುಡುಗಿ ಎದ್ದು ನಿಂತು, ಪುಸ್ತಕದಲ್ಲಿ ಬಾಣ ಧನದಿಂದ ಋಣಕ್ಕೆ ಇದೆ, ಇವು ಯಾಕೆ ಉಲ್ಟಾ ಓಡುತ್ತಿವೆ ಅಂತ ಕೇಳಿದಳಂತೆ. ಮೂವತ್ತು ವರ್ಷದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ ಅಂತ ಸರ್ ಹೇಳಿದರು. ಬಾಣ ಹಾಕುವ ರೂಢಿ ಎಲೆಕ್ಟ್ರಾನ್ ಪತ್ತೆಯಾಗುವ ಎಷ್ಟೋ ಮುಂಚಿನದು ಅಂತ ಬುಧವಾರ ಉತ್ತರ ಕೊಟ್ಟರಂತೆ. ಒಂದು ಪಾಠಕ್ಕೆ ಮೂರು ದಿನ ಆಯಿತು. ಸಿಲೆಬಸ್ ಹಿಂದೆ ಬಿತ್ತು ಅಂತ ಬೈದುಕೊಂಡೇ ಹೇಳಿದರು, ಆದರೆ ನಗುತ್ತಿದ್ದರು.

ಆಗಸ್ಟ್

ಭತ್ತದ ನಾಟಿ. ತರಗತಿಯಲ್ಲೇ ಮಕ್ಕಳಿಲ್ಲ, ನಮ್ಮ ಶನಿವಾರಕ್ಕೂ ಐದೇ ಜನ. ಈ ಬಿಡುವಿನಲ್ಲಿ ಒಂದು ಹಳೆಯ ವೈಫೈ ರೂಟರ್ ರಿಪೇರಿ ಮಾಡಿಸಿದೆ. ಲ್ಯಾಪ್‌ಟಾಪ್‌ಗೆ ಕಿವಿಕ್ಸ್ (ನೆಟ್ ಇಲ್ಲದೆಯೂ ವಿಕಿಪೀಡಿಯ ಓದಿಸುವ ತಂತ್ರಾಂಶ) ಹಾಕಿ, ಕನ್ನಡ ವಿಕಿಪೀಡಿಯ ಪೂರ್ತಿ ಇಳಿಸಿಕೊಂಡು, ಅದನ್ನು ರೂಟರ್ ಮೂಲಕ ಫೋನ್‌ಗಳಿಗೆ ಹಂಚುವುದು ಲೆಕ್ಕಾಚಾರ. ಸಿಮ್ ಇಲ್ಲ, ರೀಚಾರ್ಜ್ ಇಲ್ಲ. ಲ್ಯಾಪ್‌ಟಾಪ್ ತೋರಿಸುವ ಅಂಕಿ ವಿಳಾಸವನ್ನು ಫೋನಿನ ಬ್ರೌಸರ್‌ನಲ್ಲಿ ಹೊಡೆದರೆ ಆಯಿತು.

ಮನೆಯಲ್ಲಿ ಚೆನ್ನಾಗಿ ಓಡಿತು. ಶಾಲೆಯಲ್ಲಿ ಯಾರ ಫೋನಿಗೂ ಬರಲಿಲ್ಲ. ಒಂದು ತಾಸು ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ ಅಂತ ಕಂಡ ಕೂಡಲೇ ಫೋನ್ ತಾನೇ ಜಾಣತನ ತೋರಿಸಿ ಮೊಬೈಲ್ ಡೇಟಾಗೆ ಹಾರುತ್ತದೆ. ಡೇಟಾ ಆಫ್ ಮಾಡಿಸಿದೆ, ಎಲ್ಲರಿಗೂ ಬಂತು. ನನ್ನ ಮನೆಯಲ್ಲಿ ಡೇಟಾ ಪ್ಯಾಕ್ ಮುಗಿದಿತ್ತು, ಅದಕ್ಕೇ ಅಲ್ಲಿ ಓಡಿತ್ತು!

ಸೆಪ್ಟೆಂಬರ್: ಗೇಟ್ ಎಣಿಸಿ

ಸಮಾಜ ವಿಜ್ಞಾನದ ಮೇಡಂ ಫೋನಿನಲ್ಲಿ ಒಂದು ವಿಡಿಯೋ ಇತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಆಗ ವಾಟ್ಸಾಪ್‌ನಲ್ಲಿ ಬಂದದ್ದು. ನದಿಗಳ ಪಾಠಕ್ಕೆ ತೋರಿಸಬೇಕು ಅಂತ ಜೋಪಾನ ಮಾಡಿದ್ದರು. ನಾವೆಲ್ಲ ಅಣೆಕಟ್ಟಿನ ಪಕ್ಕದ ಮುನಿರಾಬಾದ್ ಕಡೆ ಓಡಾಡಿದವರೇ, ಆದರೂ ಯಾರಿಗೂ ಸಂಶಯ ಬರಲಿಲ್ಲ. ಕೊನೆಗೆ ದೈಹಿಕ ಶಿಕ್ಷಣದ ಸರ್ "ಗೇಟ್ ಎಣಸ್ರಿ" ಅಂದರು. ವಿಡಿಯೋ ನಿಲ್ಲಿಸಿ ಎಣಿಸಿದೆವು. ಈ ದಡದಿಂದ ಆ ದಡದವರೆಗೆ ಹನ್ನೆರಡು. ನಮ್ಮ ಅಣೆಕಟ್ಟಿಗೆ 33. ಯಾವ ಊರಿನ ಅಣೆಕಟ್ಟೋ ಏನೋ!

ಅವತ್ತಿನ ಎರಡೂ ತಾಸು ಅದೇ ಆಯಿತು. ವಿಡಿಯೋದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ, ಅದೇ ಚಿತ್ರ ಬೇರೆ ಎಲ್ಲೆಲ್ಲಿದೆ ಅಂತ ಹುಡುಕೋದು ಕಲಿತೆವು. ಆಮೇಲೆ ಅಶೋಕನ ಶಾಸನಕ್ಕೆ ಬಂದೆವು. ಒಂದು ಚಾನೆಲ್‌ನವರು ಕೊಪ್ಪಳದ ಶಾಸನ ಕನ್ನಡದಲ್ಲಿದೆ ಅಂತ ಭರ್ಜರಿ ಸಂಗೀತ ಹಾಕಿ ಹೇಳಿದ್ದರು. ಕೇಳೋಕೆ ಚೆಂದ. ಆದರೆ ಗವಿಮಠದ್ದೂ ಪಾಲ್ಕಿಗುಂಡಿನದ್ದೂ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅಶೋಕ ಅನ್ನುವ ಹೆಸರು ಮೊದಲು ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿ ಶಾಸನದಲ್ಲಿ. 1915ರಲ್ಲಿ ಅದು ಸಿಕ್ಕ ಮೇಲೇ ಶಾಸನಗಳಲ್ಲಿ ರಾಜನಿಗೆ ಬರುವ ದೇವಾನಾಂಪ್ರಿಯ ಅನ್ನುವ ಬಿರುದು ಅಂದರೆ ಅಶೋಕನೇ ಅನ್ನುವುದು ಗಟ್ಟಿಯಾದದ್ದು. ಪ್ರತಿ ವರ್ಷ ಗವಿಮಠದ ಜಾತ್ರೆಗೆ ಹೋಗುವ ಮಕ್ಕಳಿಗೆ ಆ ಗುಡ್ಡದ ಬಂಡೆ ಮೇಲೆ ಅಶೋಕನ ಕಾಲದ ಅಕ್ಷರ ಇದೆ ಅಂತ ಗೊತ್ತಿಲ್ಲ. ಮೇಡಂ ಈಗ ಆ ಚಾನೆಲ್‌ನ ವಿಡಿಯೋವನ್ನೇ ತರಗತಿಯಲ್ಲಿ ಹಾಕಿ "ಇದರಲ್ಲಿ ತಪ್ಪು ಹುಡುಕಿ" ಅನ್ನುತ್ತಾರೆ. ಇದು ನನ್ನ ಐಡಿಯಾ ಅಲ್ಲ, ಪೂರ್ತಿ ಅವರದೇ.

ಚಿತ್ರಗಳ ಹಕ್ಕಿನ ಬಗ್ಗೆಯೂ ಹದಿನೈದು ನಿಮಿಷ ಮಾತಾಡಿದೆ. ಬೇರೆಯವರೂ ಬಳಸಬಹುದು ಅನ್ನುವ ಕ್ರಿಯೇಟಿವ್ ಕಾಮನ್ಸ್ ಗುರುತು ನೋಡಿ, ತೆಗೆದವರ ಹೆಸರು ಕೆಳಗೆ ಬರೆಯಿರಿ ಅಂದೆ. ಆಕಳಿಕೆ ಬಂದವು. ಮುಂದೆ ಯಾವಾಗಲಾದರೂ ಬೇರೆ ಥರ ಹೇಳಬೇಕು.

ಅಕ್ಟೋಬರ್

ದಸರಾ ರಜೆ ಕಳೆದು ಒಂದೇ ಸಲ ಕೂಡಿದೆವು. ಗೂಗಲ್ ಅರ್ಥ್‌ನಲ್ಲಿ ಟೈಮ್‌ಲ್ಯಾಪ್ಸ್ ಅಂತ ಇದೆ. 1984ರಿಂದ ಈಚೆಗೆ ಉಪಗ್ರಹಗಳು ತೆಗೆದ ಚಿತ್ರಗಳನ್ನು ವರ್ಷ ವರ್ಷ ಜೋಡಿಸಿ ಓಡಿಸುತ್ತದೆ. ನೆಟ್ ಬೇಕು, ಅದಕ್ಕೆ ಹಿಂದಿನ ರಾತ್ರಿ ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳ ಮೇಲೆ ನಿಲ್ಲಿಸಿ ಪರದೆಯನ್ನೇ ರೆಕಾರ್ಡ್ ಮಾಡಿಕೊಂಡಿದ್ದೆ. 2000 ದಾಟಿದ ಮೇಲೆ ಹಸಿರಿನ ಮಧ್ಯೆ ಕೆಂಪು ಗಾಯ ಅಗಲವಾಗುತ್ತಾ ಹೋಗುತ್ತದೆ. ಚೀನಾ ನಮ್ಮ ಕಬ್ಬಿಣದ ಅದಿರನ್ನು ಎಳೆದುಕೊಳ್ಳುತ್ತಿದ್ದ ವರ್ಷಗಳು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆ ವರ್ಷದ ಹತ್ತಿರ ವಿಡಿಯೋ ನಿಲ್ಲಿಸಿ ಕೇಳಿ, ಮುಂದೇನಾಗುತ್ತೆ ಅಂತ. ಹೀಗೆ ಹೇಳಿಕೊಟ್ಟೆ.

ಸಮಾಜ ವಿಜ್ಞಾನದ ಮೇಡಂ ಒಂಬತ್ತನೇ ತರಗತಿಯಲ್ಲಿ ತೋರಿಸಿದಾಗ ಒಬ್ಬ ಹುಡುಗ "ನಮ್ಮ ಮಾವ ಅಲ್ಲೇ ಲಾರಿ ಹೊಡಿತಿದ್ರಿ, ಗಣಿ ನಿಂತ ಮ್ಯಾಲೆ ಊರಿಗೆ ಬಂದ್ರು" ಅಂದನಂತೆ. ಪಾಠ ಅಲ್ಲಿಂದ ಬೇರೆ ದಾರಿ ಹಿಡಿಯಿತು. ಗಣಿ ನಿಂತದ್ದು ಒಳ್ಳೆಯದಾ ಕೆಟ್ಟದ್ದಾ ಅಂತ ತರಗತಿಯೇ ಎರಡಾಯಿತಂತೆ. ಆ ಗದ್ದಲದಲ್ಲಿ ವಿಡಿಯೋವನ್ನು ಯಾರೂ ಮತ್ತೆ ಹಾಕಲಿಲ್ಲ. ಇಡೀ ವಿಡಿಯೋ ನಲವತ್ತು ಸೆಕೆಂಡ್.

ಇಪ್ಪತ್ತು ನಿಮಿಷದ ವಿಡಿಯೋ ಹಾಕಿ ಸ್ಟಾಫ್ ರೂಮಿಗೆ ಹೋಗಿ ಕೂರುವವರೂ ನಮ್ಮಲ್ಲಿದ್ದಾರೆ. ಅವರಿಗೆ ನಾನೇನೂ ಹೇಳಿಲ್ಲ. ಬಿಟ್ಟುಹೋದ ನಾಲ್ವರಲ್ಲಿ ಇಬ್ಬರು ಅವರೇ.

ನವೆಂಬರ್: ಸದ್ಯದ ಸ್ಥಿತಿ

ಪೆನ್ ಡ್ರೈವ್‌ನಲ್ಲಿ ಒಂಬತ್ತು ಪಾಠ ಸೇರಿವೆ. ಫೋಲ್ಡರ್‌ಗೆ ಸೈಟಿನ ಹೆಸರು ಇಟ್ಟಿಲ್ಲ. ತರಗತಿ, ಪಾಠ, ಪುಟ ಸಂಖ್ಯೆ, ಅಷ್ಟೇ. ಒಳಗೆ ಒಂದು ಫೈಲ್, ಜೊತೆಗೆ ಕೇಳಬೇಕಾದ ಒಂದು ಪ್ರಶ್ನೆ. ಏಳು ಪ್ರತಿ ಮಾಡಿದ್ದೇವೆ. ಒಂದು ಪ್ರತಿ ಪ್ಯಾಂಟ್ ಜೇಬಿನಲ್ಲೇ ಒಗೆಯಲು ಹೋಗಿತ್ತು. ಒಣಗಿಸಿದ ಮೇಲೆ ಓಡುತ್ತಿದೆ.

ದೀಕ್ಷಾದಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಬೇಕಾದ್ದನ್ನು ಆ್ಯಪ್‌ನಲ್ಲೇ ಇಳಿಸಿಟ್ಟುಕೊಳ್ಳುವುದು ಈಗ ಏಳೂ ಜನಕ್ಕೆ ಬರುತ್ತದೆ. ಜಿಯೋಜೀಬ್ರಾ ನಾನೊಬ್ಬನೇ ಬಳಸುತ್ತಿದ್ದೇನೆ, ಗಣಿತದ ಇನ್ನೊಬ್ಬರು ದಾರ ಮತ್ತು ತಟ್ಟೆಯಲ್ಲೇ ಸುಖವಾಗಿದ್ದಾರೆ. ರೂಟರ್‌ನ ಅಡಾಪ್ಟರ್ ಸುಟ್ಟಿದೆ. ಎಚ್‌ಡಿಎಂಐ ಕೇಬಲ್ ಉದ್ದದ್ದು ತರಬೇಕು, ಈಗಿನದ್ದರಲ್ಲಿ ಲ್ಯಾಪ್‌ಟಾಪನ್ನು ಟಿವಿ ಕೆಳಗೆ ಸ್ಟೂಲಿನ ಮೇಲೆ ಇಟ್ಟು ಬಗ್ಗಿ ನಿಂತೇ ಪಾಠ ಮಾಡಬೇಕು.

ಹಿರಿಯ ಸರ್ ಮೊನ್ನೆ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿದ್ದರು. ಸ್ಟೆಲೇರಿಯಂ ತಾವೇ ಹಾಕಿಕೊಂಡಿದ್ದಾರೆ. ಚಂದ್ರನ ಕಲೆಗಳ ಪಾಠಕ್ಕೆ ಅಂತ ಒಂದೊಂದೇ ದಿನ ಮುಂದಕ್ಕೆ ಓಡಿಸುತ್ತಿದ್ದರಂತೆ. "ಅಮಾಸಿ ದಿನ ಚಂದ್ರ ಸೂರ್ಯನ ಮಗ್ಗಲಾಗ ನಿಂತಾನಲ್ರೀ, ಇದನ್ನ ಹಗಲಿನ್ಯಾಗ ತೋರಸ್ಬೇಕು. ಆಕಾಶದ ನೀಲಿ ಬಣ್ಣ ತೆಗೆಯೂದು ಹೆಂಗ್ರಿ?" ಕೀಬೋರ್ಡಿನಲ್ಲಿ ಇಂಗ್ಲಿಷಿನ ಎ ಅಕ್ಷರ ಒತ್ತಿ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ "ಹಾಂ, ಕಾಣಿಸ್ತು" ಅಂದು ಫೋನ್ ಇಟ್ಟರು.