ಈರುಳ್ಳಿಯ ಕಣ್ಣೀರು

ಇಡೀ ಈರುಳ್ಳಿಯನ್ನು ಮೂಗಿಗೆ ಹಿಡಿದು ನೋಡಿ, ಏನೂ ಆಗುವುದಿಲ್ಲ. ಆ ಉರಿ ಅದರೊಳಗೆ ಮೊದಲೇ ಇರುವುದಿಲ್ಲ, ಹೆಚ್ಚಿದಾಗಲೇ ಹುಟ್ಟುತ್ತದೆ.

ಅದರ ಜೀವಕೋಶದೊಳಗೆ ರಸದಾನಿ ಅಂತ ಒಂದು ಪುಟ್ಟ ಚೀಲ. ಅದರಲ್ಲಿ ಒಂದು ಕಿಣ್ವ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನ್. ಚೀಲದ ಹೊರಗೆ ಗಂಧಕ ಇರುವ ಒಂದು ವಸ್ತು. ನಡುವೆ ತೆಳ್ಳನೆಯ ಪೊರೆ, ಅಷ್ಟೇ. ಚಾಕು ತಾಗಿ ಪೊರೆ ಒಡೆದದ್ದೇ ತಡ, ಎರಡೂ ಬೆರೆಯುತ್ತವೆ. ಆಮೇಲೆ ಇನ್ನೊಂದು ಕಿಣ್ವ ಸೇರಿ ಕಣ್ಣು ಉರಿಸುವ ಆವಿ ತಯಾರು! ಈ ಎರಡನೇ ಕಿಣ್ವವನ್ನು ಜಪಾನಿನ ವಿಜ್ಞಾನಿಗಳು ಕಂಡುಹಿಡಿದು ಪ್ರಕಟಿಸಿದ್ದು 2002ರಲ್ಲಿ. 2013ರಲ್ಲಿ ಅದಕ್ಕೆ ಇಗ್ ನೊಬೆಲ್ ಕೂಡ ಬಂತು, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ ಅದು. ಆ ಕಿಣ್ವ ಸಿಗಲು ಅಷ್ಟು ತಡ ಯಾಕೋ? ವಿಜ್ಞಾನಿಗಳ ಮನೆಯಲ್ಲಿ ಈರುಳ್ಳಿ ಹೆಚ್ಚುವವರು ಬೇರೆಯವರೇ ಇರಬೇಕು.

ಗಿಡಕ್ಕೆ ಓಡಲು ಕಾಲಿಲ್ಲ. ಕಚ್ಚಿದವರಿಗೆ ಖಾರ ಮುಟ್ಟಿಸುವುದೇ ಅದರ ದಾರಿ. ಹುಳಗಳೇನೋ ಹೆದರಿಯಾವು, ನಾವು ಅದನ್ನೇ ಮಂಡಕ್ಕಿಗೆ ಜಾಸ್ತಿ ಹಾಕಿಸಿಕೊಂಡು ತಿನ್ನುತ್ತೇವೆ ಅಲ್ವಾ?

ಅಂದ ಹಾಗೆ, ಫ್ರಿಜ್‌ನಲ್ಲಿಟ್ಟ ಈರುಳ್ಳಿಯಲ್ಲಿ ಕಿಣ್ವದ ಕೆಲಸ ನಿಧಾನ. ಹರಿತವಾದ ಚಾಕು ಇದ್ದರೆ ಕೋಶಗಳು ಜಜ್ಜಿಹೋಗುವುದೂ ಕಡಿಮೆ. ನಮ್ಮ ಮನೆಯದು ಟೊಮೇಟೊವನ್ನೂ ಸೀಳುವುದಿಲ್ಲ. ಸಾಣೆಯವರು ಯಾರಾದರೂ ಕಂಡರೆ ನಮ್ಮ ಬೀದಿಗೆ ಕಳಿಸಿ.