ಚಿಕ್ಕ ಮಕ್ಕಳ ಮನೆಯಲ್ಲಿ ವ್ಯಾಯಾಮಕ್ಕೆ ಹೊತ್ತು ಎಲ್ಲಿಂದ ಬರುತ್ತದೆ?

ಆರು ವರ್ಷದ ಮಗಳು, ಮೂರು ವರ್ಷದ ಮಗ, ವಾರಕ್ಕೆ ಮೂರು ದಿನ ಆಫೀಸು, ಇವೆಲ್ಲದರ ನಡುವೆ ವ್ಯಾಯಾಮಕ್ಕೆ ನಿಮಗೆ ಹೊತ್ತಾದರೂ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಯನ್ನು ಕಳೆದ ಎರಡು ವರ್ಷಗಳಲ್ಲಿ ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಮಗಳ ಶಾಲೆಯ ಗೇಟಿನ ಬಳಿ ನಿಲ್ಲುವ ತಾಯಂದಿರು ಕೇಳುತ್ತಾರೆ, ಆಫೀಸಿನ ಗೆಳತಿಯರು ಕೇಳುತ್ತಾರೆ, ಮದುವೆ ಮುಂಜಿಗಳಲ್ಲಿ ಸಿಗುವ ನೆಂಟರು ಕೇಳುತ್ತಾರೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವಂಥ ಉತ್ತರ ಅದಲ್ಲವಾದ್ದರಿಂದ ಪ್ರತಿಸಲವೂ ಅರ್ಧಂಬರ್ಧ ಹೇಳಿ ಬಂದಿದ್ದೇನೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊತ್ತು ನನಗೆ ಎಲ್ಲೂ ಸಿಗಲಿಲ್ಲ. ಒಂದು ಸಂಜೆ ಗಂಡನೂ ನಾನೂ ಅಡುಗೆಮನೆಯಲ್ಲಿ ನಿಂತು, ನಾನು ವ್ಯಾಯಾಮ ಮಾಡುವ ಅರ್ಧ ಗಂಟೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ತೀರ್ಮಾನಿಸಿದೆವು. ಅಲ್ಲಿಯವರೆಗೆ ನಾನು ಮಾಡಿದ ಯಾವ ಪ್ರಯತ್ನವೂ ಒಂದು ತಿಂಗಳು ದಾಟಿರಲಿಲ್ಲ. ಆ ಮಾತುಕತೆಯ ನಂತರ ನಿಂತಿಲ್ಲ.

ನಾನು ಇಷ್ಟು ಹಟ ಹಿಡಿಯಲು ಕಾರಣವಿತ್ತು. ಎರಡನೆಯ ಬಸಿರಿನಲ್ಲಿ ನನಗೆ ಗರ್ಭಾವಸ್ಥೆಯ ಮಧುಮೇಹ ಕಾಣಿಸಿಕೊಂಡಿತು. ಹೆರಿಗೆಯಾದ ಮೇಲೆ ಸಕ್ಕರೆಯ ಮಟ್ಟ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ, ನನಗೂ ಇಳಿಯಿತು. ಆದರೆ ಒಮ್ಮೆ ಹೀಗೆ ಆದವರಿಗೆ ಮುಂದಿನ ವರ್ಷಗಳಲ್ಲಿ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಉಳಿದ ತಾಯಂದಿರಿಗಿಂತ ಹಲವು ಪಟ್ಟು ಹೆಚ್ಚು. ಹಾಗಾಗಿಯೇ ಹೆರಿಗೆಯಾದ ಕೆಲವು ವಾರಗಳಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಒಂದು ಪರೀಕ್ಷೆ ಮಾಡುತ್ತಾರೆ, ಆಮೇಲೂ ಕಾಲಕಾಲಕ್ಕೆ ಮಾಡಿಸಿಕೊಳ್ಳಲು ಹೇಳುತ್ತಾರೆ. ಎಷ್ಟೋ ತಾಯಂದಿರು ಮಗುವಿನ ಲಸಿಕೆಯ ತಾರೀಖನ್ನು ಒಂದೂ ತಪ್ಪಿಸದೆ ತಮ್ಮ ಈ ಪರೀಕ್ಷೆಯನ್ನು ಮಾತ್ರ ಮರೆಯುತ್ತಾರೆ ಎಂಬುದು ನನ್ನನ್ನು ನಿಜಕ್ಕೂ ಕಾಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದೂ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿತು. ಆ ಹೊಸ್ತಿಲನ್ನು ಆದಷ್ಟು ತಡವಾಗಿ ತುಳಿಯಬೇಕು, ಸಾಧ್ಯವಾದರೆ ತುಳಿಯಲೇಬಾರದು ಎಂಬುದು ನನ್ನ ಆಸೆ.

ಇನ್ನೊಂದು ಕಾರಣ ಸೊಂಟ. ಮಗನಿಗೆ ಒಂದೂವರೆ ವರ್ಷವಾಗಿದ್ದಾಗ ಒಂದು ಕೈಯಲ್ಲಿ ಬ್ಯಾಗು ಹಿಡಿದು ಇನ್ನೊಂದು ಕೈಯಲ್ಲಿ ಅವನನ್ನು ಎತ್ತಿ, ಸೊಂಟ ತಿರುಚಿ ಆಟೋದೊಳಗೆ ಕೂರಿಸಲು ಹೋದೆ. ಹಿಡಿದುಕೊಂಡ ಬೆನ್ನು ಹತ್ತು ದಿನ ಬಿಡಲಿಲ್ಲ. ಫಿಸಿಯೋಥೆರಪಿಸ್ಟ್ ನೋಡಿ, ವಿಶ್ರಾಂತಿಯಿಂದ ನೋವು ಇಳಿಯಬಹುದು, ಆದರೆ ಮಗು ತಿಂಗಳು ತಿಂಗಳೂ ಭಾರವಾಗುತ್ತಾ ಹೋಗುವಾಗ ನಿಮ್ಮ ಕಾಲು ಬೆನ್ನುಗಳ ಶಕ್ತಿ ಹಾಗೆಯೇ ಉಳಿದರೆ ಇದು ಮತ್ತೆ ಬರುತ್ತದೆ ಎಂದರು. ಮೂರು ಕೆಜಿಯಲ್ಲಿ ಹುಟ್ಟಿದ ಕೂಸು ವರ್ಷ ತುಂಬುವಾಗ ಸುಮಾರು ಮೂರು ಪಟ್ಟು ತೂಗುತ್ತದೆ. ದಿನಕ್ಕೆ ಇಪ್ಪತ್ತು ಮೂವತ್ತು ಬಾರಿ ಎತ್ತಿ ಇಳಿಸುವ ಆ ತೂಕಕ್ಕೆ ನಮ್ಮಲ್ಲಿ ಯಾರೂ ತಯಾರಿ ಮಾಡಿಕೊಳ್ಳುವುದಿಲ್ಲ.

ಮೊದಲ ಪ್ರಯತ್ನಗಳು ಏಕೆ ನಿಂತುಹೋದವು ಎಂಬುದನ್ನೂ ಹೇಳಬೇಕು, ಏಕೆಂದರೆ ನನ್ನನ್ನು ಕೇಳುವವರಲ್ಲಿ ಹೆಚ್ಚಿನವರು ಅವೇ ದಾರಿಗಳಲ್ಲಿ ಹೋಗಿ ಬಂದವರು. ಬೆಳಗಿನ ಐದಕ್ಕೆ ಏಳುವುದನ್ನು ಮೂರು ವಾರ ಮಾಡಿದೆ. ಪಕ್ಕದಲ್ಲಿ ಅಮ್ಮನ ಬಿಸಿ ತಪ್ಪಿದೊಡನೆ ಮಗ ಎದ್ದು ಕೂರುತ್ತಿದ್ದ. ರಾತ್ರಿ ಎರಡು ಸಲ ಎಚ್ಚರವಾಗಿ ಒಟ್ಟು ಐದು ಗಂಟೆ ಮಲಗಿದ ಮೈಯನ್ನು ಆ ಹೊತ್ತಿನಲ್ಲಿ ಓಡಿಸುವುದರಲ್ಲಿ ಅರ್ಥವೂ ಇರಲಿಲ್ಲ. ವಯಸ್ಕರಿಗೆ ಏಳು ಗಂಟೆಯಾದರೂ ನಿದ್ದೆ ಬೇಕು. ಮಕ್ಕಳು ರಾತ್ರಿ ಏಳುವ ವಯಸ್ಸಿನಲ್ಲಿ ನಿದ್ದೆಯನ್ನು ಕತ್ತರಿಸಿ ವ್ಯಾಯಾಮಕ್ಕೆ ಹೊಂದಿಸುವುದು ತಪ್ಪು ಎಂದೇ ನಾನು ಈಗಲೂ ನಂಬಿದ್ದೇನೆ. ಆಮೇಲೆ ಒಂದು ಜಿಮ್ಮಿಗೆ ಇಡೀ ವರ್ಷದ ಹಣ ಕಟ್ಟಿದೆ. ಅದು ಮನೆಯಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿತ್ತು. ಬೆಂಗಳೂರಿನ ಸಂಜೆ ಏಳರ ಟ್ರಾಫಿಕ್ಕಿನಲ್ಲಿ ನಾಲ್ಕು ಕಿಲೋಮೀಟರ್ ಎಂದರೆ ಏನೆಂಬುದು ಈ ಊರಿನವರಿಗೆ ಗೊತ್ತಿರುವುದೇ.

ಆ ದಿನಗಳಲ್ಲೆಲ್ಲ ನನ್ನ ಗಂಡ ವಾರಕ್ಕೆ ನಾಲ್ಕೈದು ಬೆಳಿಗ್ಗೆ ಪಾರ್ಕಿಗೆ ಹೋಗಿ ಮುಕ್ಕಾಲು ಗಂಟೆ ನಡೆದು ಬರುತ್ತಿದ್ದರು. ಅವರಿಗೆ ಹೊತ್ತು ಎಲ್ಲಿ ಸಿಗುತ್ತದೆ ಎಂದು ಯಾರೂ ಕೇಳಿದ್ದಿಲ್ಲ, ನಾನೂ ಕೇಳಿರಲಿಲ್ಲ. ಅವರು ಚಪ್ಪಲಿ ಮೆಟ್ಟಿ ಹೊರಡುವಾಗ ಮಕ್ಕಳ ಹೊಣೆ ಮಾತಿಲ್ಲದೆ ನನ್ನ ಮೇಲೆ ಬರುತ್ತಿತ್ತು. ನಾನು ಹೊರಡಬೇಕಾದರೆ ಮೊದಲು ಒಬ್ಬರನ್ನು ಒಪ್ಪಿಸಿ, ಹಾಲು ಕಾಯಿಸಿಟ್ಟು, ಬಟ್ಟೆ ತೆಗೆದಿಟ್ಟು ಹೊರಡಬೇಕಾಗಿತ್ತು. ಇದನ್ನು ಜಗಳವಾಗಿಸದೆ ಇದ್ದದ್ದು ಇದ್ದಂತೆ ಅವರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಇದನ್ನ ಯೋಚನೇನೇ ಮಾಡಿರ್ಲಿಲ್ಲ, ನಿನಗೆ ಯಾವ ದಿನ ಬೇಕು ಹೇಳು" ಎಂದರು. ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರಿನಲ್ಲಿ ಸೋಮವಾರ, ಬುಧವಾರ, ಶನಿವಾರದ ಸಂಜೆ ಆರೂವರೆಯಿಂದ ಏಳರವರೆಗೆ ನನ್ನದೆಂದು ಪೆನ್ನಿನಲ್ಲಿ ಗುರುತು ಹಾಕಿದೆವು. ಅವರ ನಡಿಗೆ ಉಳಿದ ದಿನಗಳಿಗೆ ಹೋಯಿತು. ಆ ಅರ್ಧ ಗಂಟೆಯಲ್ಲಿ ಮಕ್ಕಳು ಅತ್ತರೆ ಮನೆಯಲ್ಲಿದ್ದವರೇ ಸಮಾಧಾನ ಮಾಡಬೇಕು, ಹೊರಗಿರುವವರಿಗೆ ಫೋನ್ ಮಾಡುವಂತಿಲ್ಲ ಎಂಬ ಒಂದು ನಿಯಮವನ್ನೂ ಸೇರಿಸಿದೆವು. ಮೊದಲ ಎರಡು ವಾರ ಮಗ ಬಾಗಿಲ ಬಳಿ ಅತ್ತ. ಮೂರನೆಯ ವಾರದಿಂದ ಅವನೇ ನನ್ನ ಶೂಗಳನ್ನು ತಂದುಕೊಡತೊಡಗಿದ.

ಇಷ್ಟಾದರೂ ವಾರಕ್ಕೆ ಮೂರು ಅರ್ಧ ಗಂಟೆಗಳು ಸಾಲುವುದಿಲ್ಲವಲ್ಲ ಎಂದು ನೀವು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಬಿರುಸಿನ ಚಟುವಟಿಕೆ ಬೇಕು, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು. ಮಧ್ಯಮ ಬಿರುಸು ಎಂದರೆ ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಇದಕ್ಕಿಂತ ಸುಲಭವಾದ ಅಳತೆ ನನಗೆ ಸಿಕ್ಕಿಲ್ಲ. ಆದರೆ ಆ ಮಾರ್ಗಸೂಚಿಯಲ್ಲಿ ನನ್ನಂಥವರಿಗೆ ಅತ್ಯಂತ ಮುಖ್ಯವಾದ ಬದಲಾವಣೆ ಬೇರೆ ಇದೆ. ಒಂದೇ ಸಮನೆ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂದು ಅದರ ಹಿಂದಿನ, 2010ರ ಮಾರ್ಗಸೂಚಿ ಹೇಳುತ್ತಿತ್ತು; 2020ರಲ್ಲಿ ಆ ಷರತ್ತನ್ನು ತೆಗೆದುಹಾಕಿದರು. ಮೂರು ನಿಮಿಷ ಮೆಟ್ಟಿಲು ಹತ್ತಿದ್ದೂ, ಐದು ನಿಮಿಷ ಮಕ್ಕಳೊಂದಿಗೆ ಮುಟ್ಟಾಟದಲ್ಲಿ ಓಡಿದ್ದೂ ಈಗ ಲೆಕ್ಕಕ್ಕೆ ಬರುತ್ತವೆ. ಎಡೆಬಿಡದ ಒಂದು ಗಂಟೆ ಸಿಗುವವರೆಗೆ ಕಾಯುತ್ತಾ ಕುಳಿತ ತಾಯಿ ತಂದೆಯರಿಗೆ ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ.

ನನ್ನ ವಾರದ ಲೆಕ್ಕ ಹೀಗಿದೆ. ನಮ್ಮ ಮನೆ ಹನುಮಂತನಗರದಲ್ಲಿ, ಮೂರನೆಯ ಮಹಡಿಯಲ್ಲಿ. ಮಗಳ ಶಾಲೆ ಅಲ್ಲಿಂದ ಒಂದೂಕಾಲು ಕಿಲೋಮೀಟರ್. ವ್ಯಾನ್ ಬಿಡಿಸಿ ಬೆಳಿಗ್ಗೆ ಅವಳನ್ನು ನಡೆಸಿಕೊಂಡೇ ಹೋಗುತ್ತೇನೆ. ಹೋಗುವಾಗ ಅವಳ ಹೆಜ್ಜೆಗೆ ನನ್ನ ಹೆಜ್ಜೆ ಹೊಂದಿಸಬೇಕಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬರುವಾಗ ಒಬ್ಬಳೇ ಬಿರುಸಾಗಿ ನಡೆದರೆ ಹದಿಮೂರು ನಿಮಿಷ, ಐದು ದಿನಕ್ಕೆ 65 ನಿಮಿಷ. ಫುಟ್‌ಪಾತಿನ ಕಲ್ಲುಗಳು ಅಲ್ಲಲ್ಲಿ ಎದ್ದಿರುವುದರಿಂದ ನೆಲ ನೋಡಿಕೊಂಡು ನಡೆಯಬೇಕು. ನಾನು ಗಲ್ಲಿಗಳ ದಾರಿಯನ್ನೇ ಹಿಡಿಯುತ್ತೇನೆ. ಸಂಜೆಯ ಮೂರು ಅರ್ಧ ಗಂಟೆಗಳಲ್ಲಿ ಪಾರ್ಕಿಗೆ ಹೋಗಿ ಬರುವ ಹೊತ್ತು ಕಳೆದರೂ ಇಪ್ಪತ್ತಿಪ್ಪತ್ತು ನಿಮಿಷ ಉಳಿಯುತ್ತದೆ, ಅದು 60. ಭಾನುವಾರದ ಲಾಲ್‌ಬಾಗ್ ನಡಿಗೆಯಲ್ಲಿ ನಲವತ್ತು ನಿಮಿಷವಾದರೂ ಬಿರುಸಿನದು. ಒಟ್ಟು 165. ಆಫೀಸಿನ ದಿನಗಳಲ್ಲಿ ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಬದಲಿಸುವಾಗ ಎಸ್ಕಲೇಟರ್ ಬಿಟ್ಟು ಹತ್ತುವ ಮೆಟ್ಟಿಲುಗಳು ಇದರ ಮೇಲಿನ ಕೊಸರು.

ರಾತ್ರಿ ಊಟದ ನಂತರದ ಹತ್ತು ನಿಮಿಷವನ್ನು ಬೇರೆಯಾಗಿ ಹೇಳಬೇಕು. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳಬಲ್ಲದು. ಅನ್ನ, ಮುದ್ದೆ, ಚಪಾತಿ ಉಂಡ ಮೇಲೆ ಸಕ್ಕರೆ ಏರುವ ಹೊತ್ತಿಗೆ ಸರಿಯಾಗಿ ನಡೆದರೆ ಆ ಏರಿಕೆ ತಗ್ಗುತ್ತದೆ. ನನ್ನಂತೆ ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡವರು ಬೇರೆ ಏನನ್ನೂ ಮಾಡಲಾಗದ ದಿನ ಇದೊಂದನ್ನಾದರೂ ಮಾಡಿ. ನಮ್ಮ ಮನೆಯಲ್ಲಿ ನಾಲ್ವರೂ ಕೆಳಗಿಳಿದು ಬೀದಿಯ ಕೊನೆಯವರೆಗೆ ಹೋಗಿ ಬರುತ್ತೇವೆ, ಮಕ್ಕಳು ಅದನ್ನು ಚಂದ್ರನನ್ನು ನೋಡಿ ಬರುವುದು ಎಂದುಕೊಂಡಿದ್ದಾರೆ.

ಬಲದ ವ್ಯಾಯಾಮಕ್ಕೆ ಮಂಗಳವಾರ ಮತ್ತು ಶುಕ್ರವಾರ, ಮನೆಯ ಹಾಲಿನಲ್ಲಿ, ಮಕ್ಕಳ ನಡುವೆಯೇ ಇಪ್ಪತ್ತು ನಿಮಿಷ. ಇದಕ್ಕೆ ಯಾವ ಸಾಮಾನೂ ಬೇಡ. ಗರಡಿಮನೆಗಳಲ್ಲಿ ತಲೆಮಾರುಗಳಿಂದ ಹೊಡೆಯುತ್ತಿದ್ದ ಬಸ್ಕಿ ಮತ್ತು ದಂಡ ಇವತ್ತಿಗೂ ಅಷ್ಟೇ ಒಳ್ಳೆಯ ವ್ಯಾಯಾಮಗಳು. ನೆಲದ ಮೇಲೆ ದಂಡ ಹೊಡೆಯಲು ನನಗೆ ಶಕ್ತಿಯಿರಲಿಲ್ಲ. ಮೊದಲು ಗೋಡೆಗೆ ಕೈಯೂರಿ, ಎರಡು ತಿಂಗಳ ನಂತರ ಅಡುಗೆ ಕಟ್ಟೆಗೆ ಕೈಯೂರಿ, ಆಮೇಲೆ ಸೋಫಾದ ಅಂಚಿಗೆ ಬಂದೆ. ಈಗ ನೆಲದ ಮೇಲೆ ಆರು ಆಗುತ್ತವೆ. ಬಸ್ಕಿಗೆ ಮಗನೇ ಭಾರ. ಅವನನ್ನು ಉಪ್ಪುಮೂಟೆ ಹೊತ್ತು ಹಾಲಿನಿಂದ ಬಾಲ್ಕನಿಗೆ ನಾಲ್ಕು ಸುತ್ತು ನಡೆಯುತ್ತೇನೆ, ಗೋಡೆ ಹಿಡಿದು ನಿಧಾನವಾಗಿ ಎಂಟು ಬಸ್ಕಿ ಹೊಡೆಯುತ್ತೇನೆ, ಎಣಿಸುವ ಕೆಲಸ ಮಗಳದ್ದು. ಮಗು ತೂಕ ಕೂಡಿಸಿಕೊಳ್ಳುತ್ತಿದ್ದಂತೆ ನಮ್ಮ ಭಾರವೂ ತಿಂಗಳು ತಿಂಗಳು ಹೆಚ್ಚುತ್ತದೆ. ಸ್ನಾಯು ಬಲಿಯಬೇಕಾದರೆ ಭಾರ ಹಂತಹಂತವಾಗಿ ಹೆಚ್ಚಬೇಕೆಂಬ ನಿಯಮ ಇಲ್ಲಿ ತಾನಾಗಿಯೇ ಪಾಲನೆಯಾಗುತ್ತದೆ. ಮಗುವನ್ನು ನೆಲದಿಂದ ಎತ್ತುವಾಗ ಹತ್ತಿರ ಹೋಗಿ, ಮಂಡಿ ಸೊಂಟಗಳನ್ನು ಮಡಿಸಿ, ಎದೆಗೆ ಅವಚಿಕೊಂಡು ಕಾಲಿನ ಬಲದಿಂದ ಏಳಬೇಕು, ತಿರುಗಬೇಕಾದರೆ ಸೊಂಟ ತಿರುಚದೆ ಪಾದಗಳನ್ನೇ ತಿರುಗಿಸಬೇಕು. ಆಟೋದ ಘಟನೆಯ ನಂತರ ನಾನು ಕಲಿತದ್ದು ಇದನ್ನೇ.

"ಮನೆಗೆಲಸ ಮಾಡಿದ್ರೆ ಅದೇ ವ್ಯಾಯಾಮ ಅಲ್ವೇನಮ್ಮ, ನಾವೆಲ್ಲ ಬೇರೆ ಏನು ಮಾಡ್ತಿದ್ವಿ?" ಎಂದು ನಮ್ಮ ಅತ್ತೆ ಕೇಳಿದ್ದರು. ಅವರ ಮಾತಿನಲ್ಲಿ ಸತ್ಯವಿದೆ. ಅವರು ಬಾವಿಯಿಂದ ನೀರು ಸೇದಿದವರು, ಒರಳಿನಲ್ಲಿ ರುಬ್ಬಿದವರು, ಕುಕ್ಕರುಗಾಲಿನಲ್ಲಿ ಕೂತು ಬಟ್ಟೆ ಒಗೆದವರು. ಎಪ್ಪತ್ತರ ಹತ್ತಿರವಾದರೂ ಕೈಯೂರದೆ ನೆಲದಿಂದ ಏಳುತ್ತಾರೆ. ನನ್ನ ಪಾಲಿಗೆ ಉಳಿದ ಮನೆಗೆಲಸ ಮಿಕ್ಸಿಯ ಗುಂಡಿ ಒತ್ತುವುದು, ವಾಷಿಂಗ್ ಮೆಷಿನ್ನಿಗೆ ಬಟ್ಟೆ ತುಂಬುವುದು. ಅದು ದಣಿಸುತ್ತದೆ, ಆದರೆ ಉಸಿರು ಏರುವುದಿಲ್ಲ. ಇದನ್ನು ವಿವರಿಸಿದ ಮೇಲೆ ಅತ್ತೆಯವರೇ ಬುಧವಾರದ ಸಂಜೆಗಳಲ್ಲಿ ಮೊಮ್ಮಕ್ಕಳಿಗೆ ಕತೆ ಹೇಳುವ ಹೊಣೆ ಹೊತ್ತರು.

ಭಾನುವಾರದ ವಿಷಯಕ್ಕೆ ಬಂದರೆ, ಅದಕ್ಕೂ ಮಕ್ಕಳನ್ನು ಬಿಟ್ಟು ಹೋಗುವ ಅಗತ್ಯವಿಲ್ಲ. ಲಾಲ್‌ಬಾಗಿನ 240 ಎಕರೆಯಲ್ಲಿ ವಾಹನಗಳ ಭಯವಿಲ್ಲದೆ ಮಕ್ಕಳನ್ನು ಓಡಲು ಬಿಡಬಹುದು. ಕೆಂಪೇಗೌಡ ಗೋಪುರ ನಿಂತಿರುವ ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಮಗಳು ಅದನ್ನು ಓಡುತ್ತಾ ಹತ್ತುತ್ತಾಳೆ, ಮಗ ಅರ್ಧದಲ್ಲಿ ಕೈ ಚಾಚುತ್ತಾನೆ, ಅವನನ್ನು ಹೊತ್ತು ಅವಳ ಹಿಂದೆ ಹತ್ತುವಷ್ಟರಲ್ಲಿ ನನಗೆ ಮಾತು ಹೊರಡುವುದಿಲ್ಲ. ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 180 ನಿಮಿಷಗಳ ಓಡಾಟ ಬೇಕು, ಅದರಲ್ಲಿ 60 ನಿಮಿಷವಾದರೂ ಬಿರುಸಿನದಾಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಫ್ಲ್ಯಾಟಿನೊಳಗೆ ಅದು ಆಗುವ ಮಾತಲ್ಲ. ಕಬ್ಬನ್ ಪಾರ್ಕಿನ ಒಳರಸ್ತೆಗಳಲ್ಲಿ ಭಾನುವಾರ ವಾಹನ ಬಿಡುವುದಿಲ್ಲವಾದ್ದರಿಂದ ಸೈಕಲ್ ಕಲಿಯುವ ಮಕ್ಕಳಿರುವವರಿಗೆ ಅದು ಇನ್ನೂ ಅನುಕೂಲ.

ಅತ್ತೆಯೂ ಇಲ್ಲದ, ಗಂಡ ರಾತ್ರಿ ಒಂಬತ್ತಕ್ಕೆ ಬರುವ, ಅಥವಾ ಒಬ್ಬರೇ ಮಕ್ಕಳನ್ನು ಬೆಳೆಸುತ್ತಿರುವ ಮನೆಗಳಿಗೆ ನನ್ನ ಕ್ಯಾಲೆಂಡರ್ ಹೊಂದುವುದಿಲ್ಲ ಎಂಬುದು ನನಗೆ ಗೊತ್ತು. ನಮ್ಮ ಕಟ್ಟಡದಲ್ಲೇ ಅಂಥ ಇಬ್ಬರು ತಾಯಂದಿರು ಒಂದು ಉಪಾಯ ಮಾಡಿಕೊಂಡಿದ್ದಾರೆ: ಮಂಗಳವಾರ ಒಬ್ಬರು ಎರಡೂ ಮನೆಯ ಮಕ್ಕಳನ್ನು ಮುಕ್ಕಾಲು ಗಂಟೆ ನೋಡಿಕೊಳ್ಳುತ್ತಾರೆ, ಗುರುವಾರ ಇನ್ನೊಬ್ಬರು. ಅದೂ ಆಗದಿದ್ದರೆ ಮೆಟ್ಟಿಲು, ಉಪ್ಪುಮೂಟೆ, ಮುಟ್ಟಾಟ, ಊಟದ ನಂತರದ ಹತ್ತು ನಿಮಿಷ, ಇವು ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲ. ಹೆರಿಗೆಯಾಗಿ ಕೆಲವೇ ತಿಂಗಳಾದವರು, ಅದರಲ್ಲೂ ಸಿಸೇರಿಯನ್ ಆದವರು, ಹೊಟ್ಟೆಯ ಸ್ನಾಯುಗಳು ನಡುವೆ ಬಿರಿದುಕೊಂಡಿವೆಯೇ, ಕೆಮ್ಮಿದಾಗ ಮೂತ್ರ ಸೋರುತ್ತದೆಯೇ ಎಂಬುದನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ, ಅವರು ಒಪ್ಪಿದ ಮೇಲೆ ಭಾರ ಎತ್ತಲು ತೊಡಗಬೇಕು.

ಕೊನೆಗೆ ಎಲ್ಲರೂ ಕೇಳುವುದು ಮಕ್ಕಳಿಗೆ ಜ್ವರ ಬಂದಾಗ ಏನು ಮಾಡುತ್ತೀರಿ ಎಂದು. ಏನೂ ಮಾಡುವುದಿಲ್ಲ. ಜೂನಿನಲ್ಲಿ ಶಾಲೆ ತೆರೆದು ಮಳೆ ಹಿಡಿದೊಡನೆ ನೆಗಡಿ ಜ್ವರ ಮಗಳಿಂದ ಮಗನಿಗೆ, ಅವನಿಂದ ನಮಗೆ ಸುತ್ತುತ್ತದೆ. ಈ ಸಲ ಮೂರು ವಾರ ಕ್ಯಾಲೆಂಡರಿನ ಗುರುತುಗಳೆಲ್ಲ ಖಾಲಿ ಹೋದವು. ಅಂಥ ಬಿಡುವಿನ ನಂತರ ಬಿಟ್ಟಲ್ಲಿಂದಲೇ ಹಿಡಿಯಲು ಹೋದರೆ ಮೈ ನೊಂದು ಮತ್ತೊಂದು ವಾರ ನಿಲ್ಲುತ್ತದೆ, ಆದ್ದರಿಂದ ಮೊದಲ ವಾರ ಅರ್ಧಕ್ಕೆ ಇಳಿಸಿಕೊಳ್ಳುತ್ತೇನೆ. ಜುಲೈ ಮೊದಲ ಮಂಗಳವಾರ ಉಪ್ಪುಮೂಟೆಯಿಲ್ಲದೆ ನಾಲ್ಕು ಬಸ್ಕಿ ಹೊಡೆದೆ, ಮಗಳು ಎಣಿಸಿದಳು; ಮರುದಿನ ಬುಧವಾರ ಆರೂವರೆಗೆ ಮಗ ಶೂ ತಂದು ಬಾಗಿಲ ಬಳಿ ಇಟ್ಟ.