ಮೇಲಿನದ್ದೆಲ್ಲ ಖಾಲಿ ಇರ್ಲಿ

"ಇಲ್ಲೊಂದು, ಇಲ್ಲೊಂದು, ಮತ್ತೆ ಇಲ್ಲೊಂದು ಸೈನ್ ಹಾಕಿ ಮಾಸ್ಟ್ರೇ. ಮೇಲಿನದ್ದೆಲ್ಲ ಖಾಲಿ ಇರ್ಲಿ, ಪಾರ್ಟಿ ಸಿಕ್ಕಿದ ಮೇಲೆ ನಾವೇ ಬರೀತೇವೆ."

ಮೊನ್ನೆ ಉಡುಪಿಯ ಸಂತೆಕಟ್ಟೆ ಹತ್ತಿರ, ಹೆದ್ದಾರಿ ಬದಿಯ ಹಳೇ ಕಾರುಗಳ ಯಾರ್ಡೊಂದರಲ್ಲಿ ಕೇಳಿದ ಮಾತು ಇದು. ಕಾರು ಮಾರಲು ಬಂದಿದ್ದ ಮಾಸ್ಟ್ರು, ಮಾಲೀಕತ್ವ ವರ್ಗಾವಣೆಗೆ ಬೇಕಾದ ಫಾರಂ 29ರ ಎರಡು ಪ್ರತಿಗೂ ಫಾರಂ 30ಕ್ಕೂ ಸಹಿ ಹಾಕಿದರು. ಅಸಲಿ ಆರ್‌ಸಿ, ಎರಡೂ ಕೀಲಿ ಕೊಟ್ಟು ರಿಕ್ಷಾ ಹತ್ತಿ ಹೋದರು. ಒಂದು ರಸೀದಿ ಕೂಡ ಕೇಳಲಿಲ್ಲ. ದುಬೈಯಲ್ಲಿರುವ ಮಗ ಫೋನಿನಲ್ಲಿ "ಕೊಟ್ಟುಬಿಡಿ ಅಪ್ಪ, ಅವರೇ ಎಲ್ಲ ನೋಡಿಕೊಳ್ತಾರೆ" ಅನ್ನುತ್ತಿದ್ದ. ಯಾರ್ಡಿನ ಹುಡುಗ ಕೆಟ್ಟವನಲ್ಲ, ಎಲ್ಲರ ಹತ್ತಿರವೂ ಹಾಗೆಯೇ ಸಹಿ ಹಾಕಿಸಿಕೊಂಡು ಅವನಿಗೆ ಅಭ್ಯಾಸವಾಗಿದೆ. ನನಗೆ ಸಿಟ್ಟು ಬಂದದ್ದು ಮಗನ ಮೇಲೆ.

ಮಾಸ್ಟ್ರು ಒಪ್ಪಿದ್ದು ಪಾರ್ಕ್ ಆಂಡ್ ಸೇಲ್ ಪದ್ಧತಿಗೆ. ಅಂದರೆ ಡೀಲರ್ ಕಾರು ಕೊಳ್ಳುವುದಿಲ್ಲ. ಜಾಗ ಕೊಡುತ್ತಾನೆ, ಗಿರಾಕಿ ತರುತ್ತಾನೆ, ಕಮಿಷನ್ ಪಡೆಯುತ್ತಾನೆ. ಅಷ್ಟೂ ದಿನ ಕಾರು ಮಾಸ್ಟ್ರದ್ದೇ. "ಮೇಲಿನದ್ದೆಲ್ಲ ಖಾಲಿ" ಅಂದರೆ ಕೊಂಡವನ ಹೆಸರಿಲ್ಲ, ತಾರೀಕಿಲ್ಲ. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ರಾಜ್ಯದೊಳಗೆ ಮಾರಿದವನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ತಾರೀಕೇ ಇಲ್ಲದ ಕಾಗದದಲ್ಲಿ ಆ 14 ದಿನ ಯಾವತ್ತಿನಿಂದ ಎಣಿಸುವುದು? ಅಂಥ ಫಾರಂ ಕಾರಿನ ಜೊತೆಗೇ ಒಬ್ಬ ಬ್ರೋಕರಿನಿಂದ ಇನ್ನೊಬ್ಬನಿಗೆ ಹೋಗುತ್ತದೆ. ಮಂಗಳೂರಿನಿಂದ ಪುತ್ತೂರು, ಅಲ್ಲಿಂದ ಹಾಸನ. ನಡುವಿನ ಯಾರೂ ವರ್ಗಾವಣೆ ಮಾಡಿಸುವುದಿಲ್ಲ. ಪ್ರತಿ ಸಲ ಫೀಸು ಉಳಿಯುತ್ತದೆ, ಆರ್‌ಸಿಯಲ್ಲಿ ಮಾಲೀಕರ ಸಂಖ್ಯೆಯೂ ಏರುವುದಿಲ್ಲ.

ಇದು ಬರೀ ಹೆದರಿಕೆಯ ಮಾತಲ್ಲ. 2007ರಲ್ಲಿ ಮಾರಿದ ಕಾರೊಂದು ಹಲವು ಕೈ ದಾಟಿ 2009ರಲ್ಲಿ ಅಪಘಾತ ಮಾಡಿತು. 2018ರಲ್ಲಿ ಸುಪ್ರೀಂ ಕೋರ್ಟ್, ದಾಖಲೆಯಲ್ಲಿ ಹೆಸರಿದ್ದವನೇ ಮಾಲೀಕ, ಪರಿಹಾರದ ಹೊಣೆಯೂ ಅವನದ್ದೇ ಎಂದಿತು. ವಿಮೆ ಚಾಲ್ತಿಯಲ್ಲಿದ್ದರೆ ಕಂಪನಿ ಕೊಡುತ್ತದೆ. ವಿಮೆ ಮುಗಿದ ಕಾರು ಯಾರ್ಡಿನಿಂದ ಟೆಸ್ಟ್ ಡ್ರೈವಿಗೆ ಹೊರಟು ಕರಾವಳಿ ಜಂಕ್ಷನ್ನಿನಲ್ಲಿ ಒಬ್ಬರಿಗೆ ಬಡಿದರೆ? ನಿವೃತ್ತಿಯ ದುಡ್ಡಿಗೇ ಕೈ ಹಾಕಬೇಕಾಗುತ್ತದೆ.

ಇದಕ್ಕೆ ದಾರಿ ಇದೆ, ಬೇಜಾರು ಅದಕ್ಕೇ. 2023ರ ಏಪ್ರಿಲ್ 1ರಿಂದ ಹೊಸ ನಿಯಮ ಬಂದಿದೆ. ಡೀಲರಿನ ಹತ್ತಿರ ಆರ್‌ಟಿಒ ಕೊಟ್ಟ ಅಧಿಕಾರ ಪತ್ರ, ಅಂದರೆ ಫಾರಂ 29ಬಿ, ಇರಬೇಕು. ಕಾರು ಒಪ್ಪಿಸುವಾಗ ಮಾಲೀಕರು ಸರ್ಕಾರದ ಪರಿವಾಹನ್ ಪೋರ್ಟಲಿನಲ್ಲಿ ಫಾರಂ 29ಸಿ, ಅಂದರೆ ಕಾರು ಡೀಲರಿಗೆ ಒಪ್ಪಿಸಿದ್ದೇವೆಂಬ ತಿಳಿವಳಿಕೆ, ಸಲ್ಲಿಸಿದರೆ, ಅಲ್ಲಿಂದ ಮುಂದೆ ಡೀಲರನ್ನೇ ಮಾಲೀಕನೆಂದು ಪರಿಗಣಿಸುತ್ತಾರೆ. ಟೆಸ್ಟ್ ಡ್ರೈವ್, ರಿಪೇರಿ, ಪೇಂಟಿಂಗಿನಂಥ ಕೆಲಸ ಬಿಟ್ಟು ಅವನು ಕಾರು ಓಡಿಸುವ ಹಾಗಿಲ್ಲ, ಓಡಿಸಿದ್ದಕ್ಕೆ ಲೆಕ್ಕವೂ ಇಡಬೇಕು. "29ಬಿ ತೋರಿಸಿ" ಅನ್ನುವುದೇ ಮೊದಲ ಪ್ರಶ್ನೆಯಾಗಲಿ. ಅದಿಲ್ಲದ ಯಾರ್ಡಿಗೆ ಕಾರು ಕೊಡಲೇಬೇಡಿ ಅನ್ನುತ್ತೇನೆ. ಕೊಡುವಲ್ಲಿಯೂ ಕರಾರು ಬರೆಸಿ: ಒಪ್ಪಿಸಿದ ದಿನ, ಗಂಟೆ, ಓಡಿದ ಕಿಲೋಮೀಟರು, ಸ್ಟೆಪ್ನಿ, ಜ್ಯಾಕು, ಗೀರುಗಳ ಫೋಟೊ, ಎಷ್ಟು ದಿನದ ಅವಧಿ, ಮಾರದಿದ್ದರೆ ಬಾಡಿಗೆ ಇಲ್ಲದೆ ವಾಪಸು. ಒಂದು ಕೀಲಿ ಮಾತ್ರ ಕೊಡಿ.

ಕಮಿಷನ್ನಿನಲ್ಲಿ ಎರಡು ಬಗೆ. "ನನ್ನ ಕೈಗೆ 4 ಲಕ್ಷ ಬರಲಿ, ಮೇಲಿನದ್ದು ನಿಮಗೆ" ಅಂದರೆ 4 ಲಕ್ಷದ 5 ಸಾವಿರ ಕೊಡುವ ಒಳ್ಳೇ ಗಿರಾಕಿಯ ಸುದ್ದಿ ನಿಮ್ಮ ಕಿವಿಗೆ ಬೀಳುವುದೇ ಕಷ್ಟ, ಅದರಲ್ಲಿ ಡೀಲರಿಗೆ ಉಳಿಯುವುದು 5 ಸಾವಿರ. 4 ಲಕ್ಷದ 40 ಸಾವಿರ ಕೊಡುವವನಿಗೆ ಕಾಯುತ್ತಾನೆ, ಕಾರು ನಿಂತೇ ಇರುತ್ತದೆ. ಶೇಕಡಾ 2 ಎಂದು ನಿಗದಿ ಮಾಡಿದರೆ ಅದೇ 4 ಲಕ್ಷದ 40 ಸಾವಿರಕ್ಕೆ ಅವನಿಗೆ 8,800. ಕಾದರೂ ಹೆಚ್ಚೇನೂ ಸಿಗದ ಕಾರಣ ಆಗ ಅವನಿಗೆ ಬೇಗ ಕೈತೊಳೆದುಕೊಳ್ಳುವ ಅವಸರ. ನಿಗದಿತ ಕಮಿಷನ್ ಇಟ್ಟು, ಒಂದು ಬೆಲೆಯ ಮೇಲಿನದ್ದರಲ್ಲಿ ಪಾಲು ಕೊಡುವುದು ಇಬ್ಬರಿಗೂ ನ್ಯಾಯ. ಹಣ ಮಾತ್ರ ಕೊಳ್ಳುವವರ ಖಾತೆಯಿಂದ ನೇರ ನಿಮ್ಮ ಖಾತೆಗೆ ಬರಲಿ, ಕಮಿಷನ್ ಆಮೇಲೆ ನೀವು ಕೊಡಿ. 2 ಲಕ್ಷ ಅಥವಾ ಹೆಚ್ಚು ನಗದು ಪಡೆದರೆ ಆದಾಯ ತೆರಿಗೆ ದಂಡ ಬೀಳುತ್ತದೆ.

ಮತ್ತೆ ನಮ್ಮ ಕರಾವಳಿಯಲ್ಲಿ ನಿಂತ ಕಾರಿನ ಬೆಲೆ ಇಳಿಯುವುದು ಬೇಗ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ಬಿಟ್ಟರೆ ಹಿಂದಿನ ಬ್ರೇಕು ಹಿಡಿದುಕೊಳ್ಳುತ್ತದೆ; ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಲು ಹೇಳಿ. ಬ್ಯಾಟರಿ ಇಳಿಯುತ್ತದೆ, ಸೀಟಿಗೆ ಬೂಸ್ಟು ಬರುತ್ತದೆ, ಇಲಿ ವಯರು ಕಡಿಯುತ್ತದೆ. ಉಪ್ಪುಗಾಳಿಯ ತುಕ್ಕು ಮುಚ್ಚಲು ಕಾರಿನ ತಳಕ್ಕೆ ಹೊಸ ಕಪ್ಪು ಕೋಟಿಂಗ್ ಬಳಿಸುವುದು ಬೇಡ. ತಿಳಿದ ಗಿರಾಕಿ ಆ ಹೊಳಪು ಕಂಡೇ ಅನುಮಾನಪಟ್ಟು ಡೋರಿನ ಕೆಳಗಿನ ಅಂಚಿಗೆ ಉಗುರು ಹಾಕಿ ನೋಡುತ್ತಾನೆ.

"ಮೇಲಿನದ್ದೆಲ್ಲ ಖಾಲಿ ಇರ್ಲಿ" ಎಂದು ಜಾಗದ ಕಾಗದದಲ್ಲಿ ಯಾರಾದರೂ ಹೇಳಿದ್ದರೆ ಈ ಮಾಸ್ಟ್ರು ಎದ್ದು ಬರುತ್ತಿದ್ದರು. ಐದು ಸೆಂಟ್ಸ್ ಜಾಗಕ್ಕೆ ಇಸಿ, ಆರ್‌ಟಿಸಿ, ಸರ್ವೆ ಸ್ಕೆಚ್ ಎಲ್ಲ ನೋಡುವ ನಮ್ಮ ಜನ ಕಾರಿನ ವಿಷಯದಲ್ಲಿ ಬರೆದು ಕೊಡಿ ಅನ್ನಲು ಸಂಕೋಚಪಡುತ್ತಾರೆ. ಪರಿಚಯದವರು, ನಮ್ಮವರು, ಏನೆಂದುಕೊಳ್ಳುತ್ತಾರೋ ಎಂದು. ವಯಸ್ಸಾದವರಿಗೆ ಈ ಸಂಕೋಚ ಇನ್ನೂ ಹೆಚ್ಚು. ಮಕ್ಕಳು ಪರದೇಶದಲ್ಲಿರುವ ಎಷ್ಟೋ ಮನೆಗಳಲ್ಲಿ ಕಾರು ಮಾರುವವರು ಈ ವಯಸ್ಸಾದವರೇ. ದೂರದಲ್ಲಿರುವ ಮಗ ಕೂಡಾ ಫೋನಿನಲ್ಲೇ ಕರಾರಿನ ಫೋಟೊ ತರಿಸಿ ಓದಬಹುದು, 29ಸಿ ಸಲ್ಲಿಸಲು ಅಪ್ಪನಿಗೆ ಹೇಳಿಕೊಡಬಹುದು.

ಮಾರಾಟವಾದ ದಿನವೇ ಫಾಸ್ಟ್ಯಾಗ್ ಮುಚ್ಚಿಸಿ, ಇಲ್ಲವಾದರೆ ಹೆಜಮಾಡಿ, ತಲಪಾಡಿ ಟೋಲ್ ನಿಮ್ಮ ಖಾತೆಯಿಂದಲೇ ಹೋಗುತ್ತಿರುತ್ತದೆ. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿ, ಕಾರಿನದ್ದಲ್ಲ, ನಿಮ್ಮದು. ವಿಮಾ ಕಂಪನಿಯಿಂದ ಪತ್ರ ಪಡೆದರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಹೆಸರು ಬದಲಾಯಿತೇ ಎಂದು ಪರಿವಾಹನ್‌ನಲ್ಲಿ ಕಾರಿನ ನಂಬರ್ ಹಾಕಿ ನೀವೇ ನೋಡಿ, ಡೀಲರಿನ ಬಾಯಿಮಾತು ಸಾಲದು.